ಅಂಗನವಾಡಿ ಕಾರ್ಯಕರ್ತೆಯರಿಗೆ ರಾಷ್ಟ್ರ ಪ್ರಶಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶಸ್ತಿಗೆ ಹೆಸರು ಕಳಿಸಿ ಅಂತ ಮೇಲಿನಿಂದ ಸುತ್ತೋಲೆ ಬರುತ್ತದೆ. ಎರಡು ದಿನದಲ್ಲಿ ಕಡತ ಸಿದ್ಧವಾಗಬೇಕು. ಇಪ್ಪತ್ತು ವರ್ಷದಿಂದ ಮಕ್ಕಳ ಜೊತೆ ಇರುವ ಕಾರ್ಯಕರ್ತೆ ರಾತ್ರಿ ಕೂತು ತನ್ನ ಬಗ್ಗೆ ಏನು ಬರೆಯಬೇಕು ಅಂತ ಗೊತ್ತಾಗದೆ, ಹಳೆಯ ಅರ್ಜಿಯ ನಾಲ್ಕು ಸಾಲು ನಕಲು ಮಾಡಿ ಕಳಿಸುತ್ತಾರೆ. ಒಳ್ಳೆಯವರು ಹೀಗೆ ಹಿಂದೆ ಉಳಿದುಬಿಡುತ್ತಾರೆ. ಅದು ತಪ್ಪಲಿ ಅಂತ ಈ ಪುಟ. ಕಾರ್ಯಕರ್ತೆಯರು, ಸಹಾಯಕಿಯರು, ಮೇಲ್ವಿಚಾರಕಿಯರು, ಪಂಚಾಯಿತಿ ಸದಸ್ಯರು, ಮಕ್ಕಳ ತಂದೆ ತಾಯಿ ಎಲ್ಲರೂ ಓದಬಹುದು.

ಇದು ಯಾವ ಪ್ರಶಸ್ತಿ? ಯಾರು ಕೊಡುತ್ತಾರೆ?

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕೊಡುವ ಪ್ರಶಸ್ತಿ. 2000-01ರಲ್ಲಿ ಈ ಯೋಜನೆ ಶುರುವಾಯಿತು. ರಾಷ್ಟ್ರ ಮಟ್ಟದ್ದು ಬೇರೆ, ರಾಜ್ಯ ಮಟ್ಟದ್ದು ಬೇರೆ. ಎರಡರಲ್ಲೂ ನಗದು ಮತ್ತು ಪ್ರಶಸ್ತಿ ಪತ್ರ ಇರುತ್ತದೆ.

ಅಂಗನವಾಡಿ ಶುರುವಾಗಿದ್ದು ಇದಕ್ಕಿಂತ ಇಪ್ಪತ್ತೈದು ವರ್ಷ ಹಿಂದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ಪ್ರಯೋಗವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ಇವತ್ತು ದೇಶದಲ್ಲಿ ಸುಮಾರು 14 ಲಕ್ಷ ಕೇಂದ್ರಗಳಿವೆ. ಇಷ್ಟು ದೊಡ್ಡ ಬಳಗದಲ್ಲಿ ಪ್ರಶಸ್ತಿ ಸಿಗುವುದು ಬೆರಳೆಣಿಕೆಯ ಜನಕ್ಕೆ. ಹಾಗಾಗಿ ಕಡತದ ಒಂದೊಂದು ಸಾಲಿಗೂ ಬೆಲೆ ಇದೆ.

ಎಷ್ಟು ಹಣ ಸಿಗುತ್ತದೆ?

2017-18ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳನ್ನು 2019ರ ಜನವರಿಯಲ್ಲಿ ದೆಹಲಿಯಲ್ಲಿ ಕೊಟ್ಟಾಗ ನಗದು ₹50,000 ಇತ್ತು. ಸಾಲು ಒಂದು, ಸಮಾರಂಭ ನಡೆಯುವ ವರ್ಷ ಇನ್ನೊಂದು ಅನ್ನುವುದನ್ನೂ ಇದರಿಂದಲೇ ಗಮನಿಸಿ. ಮೊತ್ತ, ಕೊನೆಯ ದಿನ, ನಮೂನೆ ಇವೆಲ್ಲ ಆಯಾ ಸಾಲಿನ ಸುತ್ತೋಲೆಯಲ್ಲಿ ಇರುತ್ತವೆ. ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಸುತ್ತೋಲೆಯ ಪ್ರತಿಯನ್ನೇ ಕೇಳಿ ತೆಗೆದುಕೊಳ್ಳಿ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಹಳೆಯ ನಮೂನೆ ಸಾಲದು.

ಶಿಕ್ಷಕರ ದಿನಾಚರಣೆಗೆ ಕೊಡುವ ರಾಷ್ಟ್ರ ಪ್ರಶಸ್ತಿ ನಮಗೂ ಸಿಗುತ್ತದಾ?

ಇಲ್ಲ. ಸೆಪ್ಟೆಂಬರ್ 5ರಂದು ರಾಷ್ಟ್ರಪತಿಗಳು ಕೊಡುವ ಆ ಪ್ರಶಸ್ತಿ 1958ರಿಂದ ಇದೆ. ₹50,000, ಬೆಳ್ಳಿ ಪದಕ, ಪ್ರಮಾಣಪತ್ರ. ಅದು ಶಿಕ್ಷಣ ಸಚಿವಾಲಯದ್ದು, ಮಾನ್ಯತೆ ಪಡೆದ ಶಾಲೆಗಳ ಕಾಯಂ ಶಿಕ್ಷಕರಿಗೆ. ಅಂಗನವಾಡಿ ಬೇರೆ ಸಚಿವಾಲಯದ ಕೆಳಗೆ ಬರುತ್ತದೆ.

ನನಗೆ ಇದು ಬೇಸರದ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಐದು ವರ್ಷವನ್ನು ಒಂದೇ ಬುನಾದಿ ಹಂತ ಅನ್ನುತ್ತದೆ. ಮಿದುಳಿನ ಬೆಳವಣಿಗೆಯಲ್ಲಿ ಶೇಕಡ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗಿಬಿಡುತ್ತದೆ ಅಂತಲೂ ಅದೇ ನೀತಿಯಲ್ಲಿದೆ. ಹಾಗಿದ್ದ ಮೇಲೆ ಒಂದನೇ ತರಗತಿ ಟೀಚರಿಗೆ ಸಿಗುವ ಮರ್ಯಾದೆ, ಆ ಮಗುವನ್ನು ಮೂರು ವರ್ಷ ತಯಾರು ಮಾಡಿ ಕಳಿಸಿದ ಅಂಗನವಾಡಿ ಟೀಚರಿಗೂ ಅದೇ ವೇದಿಕೆಯಲ್ಲಿ ಸಿಗಬೇಕು ಅಲ್ವಾ?

ನಾನೇ ಅರ್ಜಿ ಹಾಕಬಹುದಾ?

ಶಾಲಾ ಶಿಕ್ಷಕರ ಪ್ರಶಸ್ತಿಗೆ 2018ರಿಂದ ಶಿಕ್ಷಕರೇ ಆನ್‌ಲೈನಿನಲ್ಲಿ ಹೆಸರು ಹಾಕಿಕೊಳ್ಳುತ್ತಾರೆ. ಅಂಗನವಾಡಿ ಪ್ರಶಸ್ತಿಯ ದಾರಿ ಬೇರೆ. ಮೇಲ್ವಿಚಾರಕಿ ಮತ್ತು ಸಿಡಿಪಿಒ ಹೆಸರು ಸೂಚಿಸುತ್ತಾರೆ. ಅದು ಜಿಲ್ಲೆಗೆ ಹೋಗಿ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತದೆ. ರಾಜ್ಯ ಶಿಫಾರಸು ಮಾಡಿದ ಹೆಸರು ಕೇಂದ್ರ ತಲುಪುತ್ತದೆ.

ಹಾಗಂತ ಸುಮ್ನೆ ಕಾಯುತ್ತಾ ಕೂರಬೇಡಿ. ಒಬ್ಬ ಮೇಲ್ವಿಚಾರಕಿಯ ಕೈಕೆಳಗೆ ಎಷ್ಟೋ ಕೇಂದ್ರಗಳಿರುತ್ತವೆ. ಅವರು ಬಂದ ದಿನ ದಾಸ್ತಾನು ಪುಸ್ತಕ, ಹಾಜರಿ ನೋಡುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ನೀವು ಮಾಡಿದ ಹೊಸ ಕೆಲಸ ಅವರ ಕಣ್ಣಿಗೆ ಬೀಳದೇ ಇರಬಹುದು. ಮೇಲ್ವಿಚಾರಕಿ ತಮ್ಮ ಕೇಂದ್ರಗಳವರನ್ನು ಸೇರಿಸುವ ವೃತ್ತ ಸಭೆಯಲ್ಲಿ ಅದರ ಬಗ್ಗೆ ಎರಡು ಮಾತು ಹೇಳಿ. "ಮೇಡಂ, ಈ ಸಲ ನನ್ನ ಹೆಸರನ್ನೂ ನೋಡಿ" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಅದು ಹೊಗಳಿಕೊಳ್ಳುವುದು ಅಂತ ಆಗುವುದಿಲ್ಲ.

ಆಯ್ಕೆ ಮಾಡುವವರು ಏನೇನು ನೋಡುತ್ತಾರೆ?

ಅಂಗನವಾಡಿಯ ಆರು ಸೇವೆಗಳು ನಿಮಗೆ ಬಾಯಿಪಾಠ: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ಮಾಹಿತಿ ಸೇವೆ. ಸೇವಾ ಅವಧಿ, ದೂರಿಲ್ಲದ ದಾಖಲೆ, ಮಕ್ಕಳ ದಾಖಲಾತಿ ಮತ್ತು ಹಾಜರಿ, ತೂಕ ಮತ್ತು ಎತ್ತರದ ದಾಖಲೆ, ಊರಿನವರ ಸಹಕಾರ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. "ನಮ್ಮ ಕೇಂದ್ರದಲ್ಲಿ ತೀವ್ರ ಅಪೌಷ್ಟಿಕ ಮಕ್ಕಳು ಇದ್ದಾರೆ ಅಂತ ತೋರಿಸಿದರೆ ಪ್ರಶಸ್ತಿ ಕೈ ತಪ್ಪುತ್ತೆ" ಅನ್ನುವ ಭಯ ತುಂಬಾ ಜನರಿಗಿದೆ. ದಯವಿಟ್ಟು ಹಾಗೆ ಯೋಚಿಸಬೇಡಿ. ತೋಳಿನ ಸುತ್ತಳತೆ ಪಟ್ಟಿ 11.5 ಸೆಂಟಿಮೀಟರಿಗಿಂತ ಕೆಳಗೆ, ಕೆಂಪು ಬಣ್ಣದಲ್ಲಿ ನಿಂತರೆ ಆ ಮಗುವಿಗೆ ಕೂಡಲೇ ಚಿಕಿತ್ಸೆ ಬೇಕು. ಅದನ್ನು 12ಕ್ಕೆ ತಿದ್ದಿ ಬರೆದರೆ ಕಾಗದದ ಮೇಲೆ ಕೇಂದ್ರ ಚೆನ್ನಾಗಿ ಕಾಣುತ್ತದೆ, ಮಗು ಮಾತ್ರ ಕೈಬಿಟ್ಟು ಹೋಗುತ್ತದೆ.

ಕಡತದಲ್ಲಿ ಎಲ್ಲಕ್ಕಿಂತ ಗಟ್ಟಿ ಪುಟ ಯಾವುದು ಗೊತ್ತಾ? ಕೆಂಪಿನಲ್ಲಿ ಸಿಕ್ಕ ಮಗು ಹಸಿರಿಗೆ ಬಂದ ದಾಖಲೆ. ಯಾವ ದಿನ ಅಳತೆ ತೆಗೆದಿರಿ, ಯಾವ ದಿನ ಆಶಾ ಕಾರ್ಯಕರ್ತೆ ಜೊತೆ ಮನೆಗೆ ಹೋದಿರಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ತಾಯಿ ಯಾಕೆ ಒಪ್ಪಲಿಲ್ಲ, ಕೂಲಿ ತಪ್ಪುತ್ತದೆ ಅಂದ ಆ ತಾಯಿಯನ್ನು ಹೇಗೆ ಒಪ್ಪಿಸಿದಿರಿ, ವಾಪಸ್ ಬಂದ ಮೇಲೆ ಪ್ರತಿ ತಿಂಗಳ ತೂಕ ಎಷ್ಟು. ಇಂಥ ಒಂದು ಪುಟ ಹತ್ತು ಸನ್ಮಾನದ ಫೋಟೊಗಳಿಗಿಂತ ಜಾಸ್ತಿ ಹೇಳುತ್ತದೆ. ಆಯ್ಕೆ ಸಮಿತಿಯಲ್ಲಿ ಕೂರುವವರಿಗೂ ಇದೇ ಮಾತು: ಅಪೌಷ್ಟಿಕತೆ ಇದೆ ಅಂತ ನಿಜ ಬರೆದವರನ್ನು ಹಿಂದೆ ತಳ್ಳಬೇಡಿ.

ಆಹಾರ, ತೂಕಕ್ಕೆ ಅಂಕಿ ಇದೆ. ಕಲಿಸುವುದನ್ನು ಹೇಗೆ ತೋರಿಸುವುದು?

ಕಡತಗಳು ಸೊರಗುವುದು ಇಲ್ಲಿಯೇ. "ಮಕ್ಕಳಿಗೆ ಪ್ರೀತಿಯಿಂದ ಆಟಪಾಠ ಕಲಿಸುತ್ತಾರೆ" ಅಂತ ಒಂದು ಸಾಲು ಇರುತ್ತದೆ. ಅದು ನಿಜವೇ ಇರಬಹುದು. ಆದರೆ ಅದೇ ಸಾಲು ಎಲ್ಲಾ ಕಡತದಲ್ಲೂ ಇದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಮಗುವಿಗೆ ಎರಡು ಪುಟ. ತಿಂಗಳಿಗೆ ಒಂದೋ ಎರಡೋ ಸಾಲು ಸಾಕು. ಉದಾಹರಣೆಗೆ ಮೂರೂವರೆ ವರ್ಷದ ಒಂದು ಹುಡುಗಿಯ ಬಗ್ಗೆ ಹೀಗೆ ಬರೆಯಬಹುದು:

ಜೂನ್: ಬಾಗಿಲ ಹತ್ತಿರವೇ ಕೂರುತ್ತಾಳೆ. ಹೆಸರು ಕರೆದರೆ ತಲೆ ಎತ್ತುವುದಿಲ್ಲ.
ಆಗಸ್ಟ್: ಹುಣಸೆ ಬೀಜ, ಅವರೆ ಬೀಜ ಬೇರೆ ಬೇರೆ ಮಾಡುವ ಆಟ ಇಟ್ಟರೆ ಒಳಗೆ ಬರುತ್ತಾಳೆ. ಮಾತಿಲ್ಲ. ಮೂರು ಬಟ್ಟಲಿಗೆ ಸರಿಯಾಗಿ ಹಾಕಿದಳು.
ಅಕ್ಟೋಬರ್: ಪಕ್ಕದ ಹುಡುಗ ತಪ್ಪು ಹಾಕಿದಾಗ "ಅದು ಅಲ್ಲಿ ಅಲ್ಲ, ಇಲ್ಲಿ" ಅಂದಳು. ಕೇಂದ್ರದಲ್ಲಿ ಅವಳ ಮೊದಲ ಮಾತು.
ಡಿಸೆಂಬರ್: ನರಿ ಕಥೆ ಅರ್ಧಕ್ಕೆ ನಿಲ್ಲಿಸಿದೆ. "ಆಮೇಲೆ ಏನಾಯ್ತು ಟೀಚರ್?" ಅಂತ ಅವಳೇ ಕೇಳಿದಳು.

ನಾಲ್ಕೇ ತಿಂಗಳ ಟಿಪ್ಪಣಿ. ಆದರೆ ಓದಿದವರಿಗೆ ಎಷ್ಟು ಗೊತ್ತಾಗುತ್ತದೆ ನೋಡಿ. ಮಗು ಮಾತಾಡುತ್ತಿಲ್ಲ ಅಂತ ಟೀಚರ್ ಗಮನಿಸಿದ್ದಾರೆ. ಗದರಿಸಿಲ್ಲ, ಬಲವಂತ ಮಾಡಿಲ್ಲ. ಕೈಗೆ ಕೆಲಸ ಕೊಟ್ಟು ಕಾದಿದ್ದಾರೆ. ವಿಂಗಡಣೆ ಗಣಿತದ ಮೊದಲ ಹೆಜ್ಜೆ, ಅದೂ ಇದರಲ್ಲಿ ಬಂದಿದೆ. ಕಥೆಯನ್ನು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿದ್ದು ಮಗುವನ್ನು ಮಾತಿಗೆ ಎಳೆಯುವುದಕ್ಕೆ. ಇದು ಶುದ್ಧ ಶಿಕ್ಷಕಿಯ ಕೆಲಸ. ಹೊರಗಿನವರ ಕಣ್ಣಿಗೆ ಮಕ್ಕಳು ಬೀಜ ಇಟ್ಟುಕೊಂಡು ಆಡುತ್ತಿದ್ದಾರೆ ಅಂತಷ್ಟೇ ಕಾಣುತ್ತದೆ. ಅದಕ್ಕೇ ಬರೆದಿಡಬೇಕು.

ಮಕ್ಕಳಿಗೆ ಬೇಗ ಅಕ್ಷರ ತಿದ್ದಿಸಿ, ನೂರರವರೆಗೆ ಬಾಯಿಪಾಠ ಮಾಡಿಸಿ ವೀಡಿಯೊ ತೆಗೆದರೆ ಪ್ರಶಸ್ತಿ ಸಿಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ ಕಲಿಕೆಯನ್ನೇ ನಡುವೆ ಇಟ್ಟುಕೊಂಡಿದೆ. 2023ರ ಮೇ ತಿಂಗಳಲ್ಲಿ ಶುರುವಾದ "ಪೋಷಣ್ ಭೀ ಪಢಾಯಿ ಭೀ" (ಪೋಷಣೆಯೂ ಓದೂ) ಅನ್ನುವ ಅಂಗನವಾಡಿ ತರಬೇತಿಯೂ ಇದನ್ನೇ ಹೇಳುತ್ತದೆ. 3ರಿಂದ 6 ವರ್ಷದವರಿಗೆ "ಆಧಾರಶಿಲಾ", ಮೂರು ವರ್ಷದೊಳಗಿನವರಿಗೆ "ನವಚೇತನಾ" ಅಂತ ಕೈಪಿಡಿಗಳೂ ಬಂದಿವೆ. ನಮ್ಮ ಕೇಂದ್ರಗಳಲ್ಲಿ "ಚಿಲಿಪಿಲಿ" ಚಟುವಟಿಕೆ ಬಹಳ ಹಿಂದಿನಿಂದ ಇದೆ. ಅದರಲ್ಲಿ ಇಲ್ಲದ ಯಾವುದಾದರೂ ಆಟ ನೀವೇ ಮಾಡಿದ್ದರೆ ಅದನ್ನು ಬಿಡಿಸಿ ಬರೆಯಿರಿ. ಯಾವ ಸಾಮಾನು, ಹೇಗೆ ಆಡಿಸಿದಿರಿ, ಮಕ್ಕಳು ಏನು ಮಾಡಿದರು ಅಂತ.

ಎಲ್ಲ ಪೋಷಣ್ ಟ್ರ್ಯಾಕರಿನಲ್ಲೇ ಇದೆಯಲ್ಲ, ಮತ್ತೆ ನೋಟ್‌ಬುಕ್ ಯಾಕೆ?

ಆ್ಯಪ್ 2021ರ ಮಾರ್ಚಿನಿಂದ ಬಂದಿದೆ. ಹಾಜರಿ, ತೂಕ, ಎತ್ತರ, ಊಟ ಅದರಲ್ಲಿ ಸಿಗುತ್ತದೆ. ಬೀಜ ವಿಂಗಡಿಸಿದ ಹುಡುಗಿ ಬಾಯಿಬಿಟ್ಟು ಮಾತಾಡಿದ ದಿನ ಅದರಲ್ಲಿ ಸಿಗುವುದಿಲ್ಲ.

ಫೋಟೊ ಎಷ್ಟು ಹಾಕಬೇಕು?

ಆರು ಫೋಟೊ ಧಾರಾಳ. ಅತಿಥಿಗಳ ಜೊತೆ ಸಾಲಾಗಿ ನಿಂತದ್ದು ಬೇಡ. ಮಕ್ಕಳು ಏನೋ ಮಾಡುತ್ತಿರುವಾಗ, ಅವರ ಕೈ ಕಾಣುವ ಹಾಗೆ ತೆಗೆದದ್ದು ಇರಲಿ. ತಂದೆ ತಾಯಿಯನ್ನು ಕೇಳಿಯೇ ಹಾಕಿ. ಅಪೌಷ್ಟಿಕ ಮಗುವಿನ ಮುಖ ಕಾಣುವ "ಮೊದಲು, ಆಮೇಲೆ" ಫೋಟೊ ಮಾತ್ರ ಯಾವ ಕಾರಣಕ್ಕೂ ಬೇಡ. ಆ ಮಗು ಅದೇ ಊರಿನಲ್ಲಿ ದೊಡ್ಡದಾಗಬೇಕು. ತೂಕದ ನಕ್ಷೆಯ ಪ್ರತಿ ಹಾಕಿ, ಹೆಸರು ಮುಚ್ಚಿ.

ನಮ್ಮದು ಬಾಡಿಗೆ ಕಟ್ಟಡ. ಗೋಡೆಗೆ ಬಣ್ಣವೂ ಇಲ್ಲ. ನಮಗೆ ಅವಕಾಶ ಇದೆಯಾ?

ಖಂಡಿತ ಇದೆ. ಪ್ರಶಸ್ತಿ ಕಾರ್ಯಕರ್ತೆಗೆ, ಕಟ್ಟಡಕ್ಕೆ ಕೊಡುವುದಲ್ಲ. ಜಾಗ ಸಾಲದಿದ್ದಾಗ ನೀವು ಏನು ಮಾಡಿದಿರಿ ಅನ್ನುವುದನ್ನೇ ಬರೆಯಿರಿ. ಮಳೆಗಾಲದಲ್ಲಿ ಮಕ್ಕಳನ್ನು ಎಲ್ಲಿ ಕೂರಿಸಿದಿರಿ, ಶೌಚಾಲಯಕ್ಕಾಗಿ ಪಂಚಾಯಿತಿಗೆ ಎಷ್ಟು ಸಲ ಪತ್ರ ಕೊಟ್ಟಿರಿ, ಬಾಲವಿಕಾಸ ಸಮಿತಿ ಸಭೆಯಲ್ಲಿ ಏನು ತೀರ್ಮಾನವಾಯಿತು. ಪತ್ರಗಳ ಪ್ರತಿ ಲಗತ್ತಿಸಿ.

ಸಹಾಯಕಿಯ ಕೆಲಸವನ್ನೂ ಕಡತದಲ್ಲಿ ಬರೆಯಬಹುದಾ?

ಬರೆಯಲೇಬೇಕು. ಕಾರ್ಯಕರ್ತೆ ಸಭೆಗೋ ಮನೆ ಭೇಟಿಗೋ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಅವರೇ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವವರೂ ಅವರೇ. ಅಡುಗೆ ಅಂತೂ ಇದ್ದೇ ಇದೆ. ಸಹಾಯಕಿಯ ಹೆಸರೇ ಇಲ್ಲದ ಕಡತ ಅರ್ಧ ಸತ್ಯ ಹೇಳಿದ ಹಾಗೆ. ಇನ್ನೊಂದು ಲಾಭವೂ ಇದೆ. ಅಂಗನವಾಡಿಗಳು ಈಗ ಬರುವ ಕೇಂದ್ರದ ಪೋಷಣ್ 2.0 ಯೋಜನೆಯ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆ ಹುದ್ದೆಗಳಲ್ಲಿ ಶೇಕಡ 50ನ್ನು ಐದು ವರ್ಷ ಅನುಭವ ಇರುವ, ಅರ್ಹತೆ ಇರುವ ಸಹಾಯಕಿಯರಿಗೆ ಬಡ್ತಿ ಕೊಟ್ಟು ತುಂಬಬೇಕು. ಅವರ ಕೆಲಸ ದಾಖಲೆಯಲ್ಲಿದ್ದರೆ ಆಗಲೂ ಉಪಯೋಗಕ್ಕೆ ಬರುತ್ತದೆ.

ನಾವು ತಂದೆ ತಾಯಿ. ನಮ್ಮ ಟೀಚರಿಗೆ ಪ್ರಶಸ್ತಿ ಸಿಗಬೇಕು. ಏನು ಮಾಡಬಹುದು?

ಸಿಡಿಪಿಒ ಅವರಿಗೆ ಪತ್ರ ಬರೆಯಿರಿ. "ನಮ್ಮ ಟೀಚರ್ ತುಂಬಾ ಒಳ್ಳೆಯವರು" ಅನ್ನುವುದರ ಜೊತೆಗೆ ನಿಮ್ಮ ಮನೆಯಲ್ಲಿ ಕಂಡದ್ದನ್ನು ಬರೆಯಿರಿ. ಮಗು ಊಟಕ್ಕೆ ಮೊದಲು ಕೈ ತೊಳೆಯಲು ಹಟ ಮಾಡುತ್ತದೆ, ಅಜ್ಜಿಗೆ ಹಾಡು ಹೇಳಿಕೊಡುತ್ತದೆ, ತಮ್ಮನಿಗೆ ಬಣ್ಣದ ಹೆಸರು ಹೇಳುತ್ತದೆ, ಇಂಥದ್ದು. ಬರೆಯಲು ಬಾರದ ತಾಯಂದಿರು ಹೇಳಿದ್ದನ್ನು ಬೇರೆಯವರು ಅವರ ಮಾತಿನಲ್ಲೇ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬಹುದು. ಹತ್ತು ಜನ ಒಂದೇ ಪತ್ರಕ್ಕೆ ಸಹಿ ಹಾಕುವುದಕ್ಕಿಂತ ಮೂರು ಜನ ಮೂರು ಪತ್ರ ಬರೆದರೆ ಒಳ್ಳೆಯದು.

ನಾನು ಖಾಸಗಿ ನರ್ಸರಿಯಲ್ಲಿ ಕಲಿಸುತ್ತೇನೆ. ನನಗೆ ಯಾವ ರಾಷ್ಟ್ರ ಪ್ರಶಸ್ತಿ ಇದೆ?

ಅಂಗನವಾಡಿ ಪ್ರಶಸ್ತಿ ಅಂಗನವಾಡಿಯವರಿಗೆ ಮಾತ್ರ. ಪದ್ಮ ಪ್ರಶಸ್ತಿಗೆ ಮಾತ್ರ ಯಾರು ಯಾರ ಹೆಸರನ್ನಾದರೂ ಕಳಿಸಬಹುದು, ತಮ್ಮ ಹೆಸರನ್ನೂ ಕಳಿಸಿಕೊಳ್ಳಬಹುದು. ರಾಷ್ಟ್ರೀಯ ಪುರಸ್ಕಾರ ಪೋರ್ಟಲಿನಲ್ಲಿ ಆನ್‌ಲೈನ್ ಮೂಲಕ ಕಳಿಸಬೇಕು. ಸಾಧನೆಯ ವಿವರ 800 ಪದ ಮೀರಬಾರದು. ನಗದು ಇರುವುದಿಲ್ಲ, ಸನ್ನದು ಮತ್ತು ಪದಕ ಇರುತ್ತದೆ. ಅದು ಬಹಳ ವರ್ಷಗಳ ದೊಡ್ಡ ಕೆಲಸಕ್ಕೆ ಸಿಗುವ ಗೌರವ ಅನ್ನುವುದು ನೆನಪಿರಲಿ.

ಪುಟ್ಟ ಮಕ್ಕಳಿಗೆ ಕಲಿಸಿದವರಿಗೆ ಪದ್ಮ ಪ್ರಶಸ್ತಿ ಸಿಕ್ಕಿದ್ದು ಉಂಟಾ?

ಉಂಟು. ತಾರಾಬಾಯಿ ಮೋಡಕ್ ಅವರಿಗೆ 1962ರಲ್ಲಿ ಪದ್ಮಭೂಷಣ ಸಿಕ್ಕಿತು. ಅವರ ಶಿಷ್ಯೆ ಅನುತಾಯಿ ವಾಘ್ ಅವರಿಗೆ 1985ರಲ್ಲಿ ಪದ್ಮಶ್ರೀ ಬಂತು. ಅಂಗನವಾಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಇಬ್ಬರ ಬಗ್ಗೆ ತಿಳಿದಿರಬೇಕು ಅಂತ ನನ್ನ ಆಸೆ.

ತಾರಾಬಾಯಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಬಾಲಮಂದಿರದಲ್ಲಿ ಕೆಲಸ ಮಾಡಿದವರು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಆಗ ಮಾಂಟೆಸ್ಸರಿ ಶಿಕ್ಷಣ ಅಂದರೆ ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಅನ್ನುವಂತಿತ್ತು. ಅದನ್ನು ಹಳ್ಳಿಯ ಬಡ ಮಕ್ಕಳಿಗೆ ತಲುಪಿಸಬೇಕು ಅಂತ ತಾರಾಬಾಯಿ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಗೆ ಹೋದರು. ಅನುತಾಯಿ ಅಲ್ಲಿ ಅವರ ಜೊತೆ ಸೇರಿದರು. 1957ರಲ್ಲಿ ಕೆಲಸ ಕೋಸಬಾಡ್ ಬೆಟ್ಟಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು.

ಮಕ್ಕಳು ಶಾಲೆಗೆ ಬರಲಿಲ್ಲ. ಹಾಗಾದರೆ ಶಾಲೆಯೇ ಮಕ್ಕಳ ಹತ್ತಿರ ಹೋಗಲಿ ಅಂತ ಹಾಡಿಯ ಅಂಗಳದಲ್ಲೇ ಶುರು ಮಾಡಿದರು. ಮಕ್ಕಳ ಮೈ ಕೈ ತೊಳೆಸಿ, ಹಾಡು ಹೇಳಿಸಿ, ಎಲೆ, ಬೀಜ, ಕಲ್ಲು, ಚಿಪ್ಪು ಇಟ್ಟುಕೊಂಡು ಕಲಿಸಿದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಅನುತಾಯಿ ಹದಿಮೂರನೇ ವಯಸ್ಸಿಗೇ ವಿಧವೆಯಾದವರು, ಆಮೇಲೆ ಓದಿ ಶಿಕ್ಷಕಿಯಾದವರು. ದುಬಾರಿ ಆಟಿಕೆ ಇಲ್ಲ ಅಂತ ಕೊರಗುವವರು ಕೋಸಬಾಡ್ ನೆನಪಿಸಿಕೊಳ್ಳಲಿ.

ಪ್ರಶಸ್ತಿ ಬಂದರೆ ನೌಕರಿ ಕಾಯಂ ಆಗುತ್ತದಾ? ಗೌರವಧನ ಜಾಸ್ತಿ ಆಗುತ್ತದಾ?

ಎರಡೂ ಇಲ್ಲ. ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ನಾಗರಿಕ ಹುದ್ದೆ ಅಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ. 2022ರ ಏಪ್ರಿಲಿನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಟಿ, ಅಂದರೆ ಸೇವೆ ಮುಗಿದಾಗ ಸಿಗುವ ಇಡಿಗಂಟಿನ ಕಾಯ್ದೆ ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಇದು ದೊಡ್ಡ ಗೆಲುವು, ಪ್ರಶಸ್ತಿ ಬಂದವರಿಗೂ ಬಾರದವರಿಗೂ.

ಕೇಂದ್ರದ ಪಾಲಿನ ಗೌರವಧನ 2018ರ ಅಕ್ಟೋಬರಿನಿಂದ ಕಾರ್ಯಕರ್ತೆಗೆ ತಿಂಗಳಿಗೆ ₹4,500, ಸಹಾಯಕಿಗೆ ₹2,250 ಅಂತ ಆಯಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಮಾಡುವ ಕೆಲಸಕ್ಕೆ ಇದು ಸಾಲದು ಅನ್ನುವುದರಲ್ಲಿ ಎರಡು ಮಾತಿಲ್ಲ. ವೇದಿಕೆ ಮೇಲೆ ಶಾಲು ಹೊದಿಸಿ, ಕೆಳಗಿಳಿದ ಮೇಲೆ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯಿಸಿದರೆ ಅದು ಗೌರವ ಅಲ್ಲ. ಪ್ರಶಸ್ತಿ ಬಂದವರು ಮೈಕು ಕೈಗೆ ಸಿಕ್ಕಾಗ ಉಳಿದವರ ಪರವಾಗಿಯೂ ಈ ಮಾತು ಆಡಲಿ.

ಯಾವುದೋ ಸಂಸ್ಥೆ ಫೋನ್ ಮಾಡಿ, ನೋಂದಣಿ ಶುಲ್ಕ ಕಟ್ಟಿದರೆ "ರಾಷ್ಟ್ರೀಯ ಶಿಕ್ಷಕಿ ಪ್ರಶಸ್ತಿ" ಕೊಡುತ್ತೇವೆ ಅನ್ನುತ್ತಿದೆ. ಕಟ್ಟಬಹುದಾ?

ಬೇಡ. ಸರ್ಕಾರದ ಪ್ರಶಸ್ತಿಗೆ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಹೆಸರಿನಲ್ಲಿ "ರಾಷ್ಟ್ರೀಯ" ಅಂತ ಇದ್ದ ಮಾತ್ರಕ್ಕೆ ಅದು ರಾಷ್ಟ್ರ ಪ್ರಶಸ್ತಿ ಆಗುವುದಿಲ್ಲ. ಸಂದೇಹ ಇದ್ದರೆ ಸಿಡಿಪಿಒ ಕಚೇರಿಯಲ್ಲಿ ಕೇಳಿ. ಓಟಿಪಿ, ಬ್ಯಾಂಕ್ ವಿವರ ಫೋನಿನಲ್ಲಿ ಹೇಳಲೇಬೇಡಿ.

ಹೆಸರು ಹೋಗಿತ್ತು, ಆಯ್ಕೆ ಆಗಲಿಲ್ಲ. ಮತ್ತೆ ಕಳಿಸಬಹುದಾ?

ಕಳಿಸಬಹುದು. ಹಳೆಯ ಕಡತವನ್ನೇ ತಾರೀಖು ಬದಲಿಸಿ ಕೊಡಬೇಡಿ. ಹೋದ ಸಲ ಕಳಿಸಿದ ಮೇಲೆ ಮಕ್ಕಳಲ್ಲಿ ಏನು ಬದಲಾಗಿದೆ ಅಂತ ನೋಟ್‌ಬುಕ್ ನೋಡಿ ಹೊಸದಾಗಿ ಬರೆಯಿರಿ. ನಿಮ್ಮಿಂದ ಒಂದನೇ ತರಗತಿಗೆ ಹೋದ ಮಕ್ಕಳು ಈಗ ಹೇಗಿದ್ದಾರೆ ಅಂತ ಪಕ್ಕದ ಶಾಲೆಯ ಟೀಚರನ್ನು ಕೇಳಿ, ಅವರಿಂದ ಒಂದು ಪತ್ರ ಪಡೆದು ಸೇರಿಸಿ. ಹೆಚ್ಚಿನ ಕಡತಗಳಲ್ಲಿ ಈ ಪತ್ರ ಇರುವುದಿಲ್ಲ. ಜೂನಿನಲ್ಲಿ ಕೇಳಬೇಡಿ, ಮಕ್ಕಳು ಹೊಸ ಶಾಲೆಗೆ ಒಗ್ಗಿರುವುದಿಲ್ಲ. ದಸರಾ ರಜೆ ಮುಗಿದ ಮೇಲೆ ಕೇಳಿ.